ಕಚ್ಚದೆ ತಿಂದವರು

ಡಬ್ಬಿಯ ಮುಚ್ಚಳ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅವಳು ಚಮಚದ ಹಿಡಿಯನ್ನು ಸಂದಿಗೆ ತೂರಿಸಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮೀಟಿದಳು. ಟಪ್ಪೆಂದು ಬಿಟ್ಟುಕೊಂಡಾಗ ರಮ್ಮಿನ ವಾಸನೆ ಅಡುಗೆಮನೆಯ ತುಂಬ ಹರಡಿತು. ಗೋಡೆಯ ಆಚೆ, ನಡುಮನೆಯಲ್ಲಿ, ಅವಳ ಗಂಡ ಪೆಟ್ಟಿಗೆಯೊಳಗೆ ಮಲಗಿದ್ದ. ಸುತ್ತ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು.

"ಅಮ್ಮಾ, ಏನು ಮಾಡ್ತಿದೀಯ?" ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಬಂದವರಿಗೆ ಟೀ ಜೊತೆ ಏನಾದ್ರೂ ಕೊಡಬೇಡವಾ?"

"ಬಿಸ್ಕತ್ತಿದೆಯಲ್ಲ! ಸಾವಿನ ಮನೇಲಿ ರಮ್ಮು ಹಾಕಿದ ಉಂಡೆ ಹಂಚಿದ್ರು ಅಂತ ಜನ ಆಡ್ಕೊಳಲ್ವಾ?"

"ಆಡ್ಕೊಳ್ಳಲಿ. ಆಡ್ಕೊಳ್ಳೋರು ಎರಡೆರಡು ತಿಂದೇ ಆಡ್ಕೋತಾರೆ."

ಅವಳು ಉಂಡೆಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿದಳು. ಡಬ್ಬಿಯ ತಳದಲ್ಲಿ ಹಾಸಿದ್ದ ಬಿಳಿ ಬಟ್ಟೆ ಕಾಣಿಸಿತು. ಅದನ್ನು ಎತ್ತಿ ಮೂಸಿದಳು. ಗಂಜಿಯ ವಾಸನೆ. ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ.

"ತಟ್ಟೆ ನೀನು ಹಿಡಿ," ಅಂದಳು ಮಗಳಿಗೆ. "ನಾನು ಪಕ್ಕದಲ್ಲಿ ನಿಂತು ಮುಖ ನೋಡ್ತೀನಿ. ಯಾರು ಕಚ್ಚದೆ ತಿಂತಾರೆ ಅಂತ."

ಮಗಳಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. "ಅಮ್ಮಾ, ದಮ್ಮಯ್ಯ. ಇವತ್ತಾದ್ರೂ ಬಿಡು."

"ಇವತ್ತು ಬಿಟ್ರೆ ಇನ್ಯಾವತ್ತು ಹಿಡೀಲಿ? ಆ ಪೆಟ್ಟಿಗೆ ಕೆಳಗಿಳಿಯೋದ್ರೊಳಗೆ ನನಗೆ ಗೊತ್ತಾಗ್ಬೇಕು. ಗೊತ್ತಾಗ್ದೆ ನಾನು ವ್ಯಾನು ಹತ್ತಲ್ಲ. ಅಂಥವಳು ಒಬ್ಬಳು ಇದ್ದಾಳೆ ಅಂದ್ರೆ ಅವಳೇ ಹತ್ತಲಿ, ಅವಳೇ ಮಣ್ಣು ಹಾಕಲಿ. ನಾನು ಮನೇಲಿ ಟೀ ಲೋಟ ತೊಳ್ಕೊಂಡಿರ್ತೀನಿ."

*

ಊರೆಲ್ಲ ಅವನನ್ನು ಲಿಫ್ಟಣ್ಣ ಅಂತಲೇ ಕರೆಯುತ್ತಿತ್ತು. ಹಳೇ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವ ಕೆಲಸ. ಎಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಇವನಿಗೆ ಕರೆ. ಉಗುರಿನ ಸಂದಿಯ ಗ್ರೀಸು ಮದುವೆಯ ದಿನವೂ ಹೋಗಿರಲಿಲ್ಲ.

ಆದರೆ ಉಂಡೆ ಮಾಡುವ ದಿನ ಆ ಕೈಗಳನ್ನು ಸೋಪಿನ ಪುಡಿ ಹಾಕಿ ಉಜ್ಜಿ ಉಜ್ಜಿ, ಆಪರೇಷನ್ನಿಗೆ ಹೊರಟ ಡಾಕ್ಟರ ಹಾಗೆ ಎತ್ತಿ ಹಿಡಿದುಕೊಂಡು ಬರುತ್ತಿದ್ದ. ಅಡುಗೆಮನೆಯ ನೆಲದ ಮೇಲೆ ಪೇಪರು ಹಾಸಿ ಕೂರುತ್ತಿದ್ದ. ಬಿಸ್ಕತ್ತನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಬಾಟಲಿ ಉರುಳಿಸಿ ಪುಡಿ ಮಾಡುತ್ತಿದ್ದ. ಅಕ್ರೋಟನ್ನು ಮಾತ್ರ ತೀರಾ ನುಣ್ಣಗೆ ಕುಟ್ಟುತ್ತಿರಲಿಲ್ಲ. ಹಲ್ಲಿಗೆ ಸಿಗಬೇಕು ಅನ್ನುತ್ತಿದ್ದ. ಕೋಕೋ, ಸಕ್ಕರೆ ಪುಡಿ, ಆಮೇಲೆ ರಮ್ಮು. ಬಾಟಲಿಯ ಮುಚ್ಚಳದಲ್ಲೇ ಅಳತೆ. ಒಂದು ಮುಚ್ಚಳ ಹಿಟ್ಟಿಗೆ, ಒಂದು ಮುಚ್ಚಳ ಮಾಡುವವನಿಗೆ.

"ಒಲೆ ಹಚ್ಚದೆ ಅಡುಗೆಯವನು ಅಂತ ಹೆಸರು ತಗೊಂಡೋರು ನೀವೊಬ್ರೇ," ಅಂತ ಅವಳು ಕೆಣಕುತ್ತಿದ್ದಳು.

"ನನ್ನ ಉಂಡೆಗೆ ಬೆಂಕಿ ಆಗಿಬರಲ್ಲ ಕಣೇ. ಅದಕ್ಕೇ ನಿನ್ನನ್ನ ಹತ್ರ ಸೇರಿಸಲ್ಲ."

ಕೊನೆಗೆ ಅವನದೊಂದು ತುಂಟತನವಿತ್ತು. ಪ್ರತಿ ಉಂಡೆಯ ಹೊಟ್ಟೆಯೊಳಗೆ ಒಂದು ಹುರಿದ ಕಾಫಿ ಬೀಜ. ಗೊತ್ತಿಲ್ಲದವರು ಕಚಕ್ಕೆಂದು ಕಚ್ಚಿ, ಕಹಿಯಾಗಿ, ಮುಖ ಕಿವುಚುತ್ತಿದ್ದರು. ಗೊತ್ತಿದ್ದವರು ಉಂಡೆಯನ್ನು ಇಡಿಯಾಗಿ ಕೆನ್ನೆಗೆ ಇಟ್ಟುಕೊಂಡು ಬಾಯಿ ಮುಚ್ಚಿ ಕೂರಬೇಕು. ತಾನಾಗಿ ಕರಗಿ ಬೀಜ ಉಳಿದಾಗ ಅದನ್ನು ಮೆಲ್ಲಗೆ ಕಡಿಯಬೇಕು. ಆ ಸಿಹಿಯ ಬಾಲಕ್ಕೆ ಆ ಕಹಿ ಸೇರಿದರೇ ರುಚಿ. ಇದು ಗೊತ್ತಿದ್ದದ್ದು ಅವನಿಗೆ, ಅವಳಿಗೆ, ಮಗಳಿಗೆ. ಮತ್ತೆ ಇನ್ಯಾರಿಗೋ.

ಯಾಕೆಂದರೆ ಪ್ರತಿ ಸಲವೂ ಎರಡು ಡಬ್ಬಿ ತುಂಬುತ್ತಿತ್ತು. ರಮ್ಮು ಒಳಗಿಳಿಯಲೆಂದು ಎರಡೂ ವಾರಗಟ್ಟಲೆ ಕಪಾಟಿನ ಕತ್ತಲಲ್ಲಿ ಇರುತ್ತಿದ್ದವು. ಆಮೇಲೆ ಒಂದು ಮನೆಗೆ. ಇನ್ನೊಂದು ಅವನ ಸಲಕರಣೆ ಚೀಲದೊಳಗೆ. "ವರ್ಕ್‌ಶಾಪಿನವರಿಗೆ," ಅನ್ನುತ್ತಿದ್ದ. ಆ ಡಬ್ಬಿ ಖಾಲಿಯಾಗಿ, ತೊಳೆದು, ಒರೆಸಿ ವಾಪಸು ಬರುತ್ತಿತ್ತು. ತಳಕ್ಕೆ ಹಾಸಿದ ಬಟ್ಟೆ ಒಗೆದು, ಗಂಜಿ ಹಾಕಿ, ಮೂಲೆಗೆ ಮೂಲೆ ಕೂಡಿಸಿ ಇಸ್ತ್ರಿ ಮಾಡಿಸಿಕೊಂಡು ಬರುತ್ತಿತ್ತು. ಲಿಫ್ಟು ಬಿಚ್ಚುವ ಗಂಡಸರು ತಿಂದ ಡಬ್ಬಿ ತೊಳೆದರೆ ಅದೇ ಹೆಚ್ಚು. ಅದರ ಬಟ್ಟೆಗೆ ಇಸ್ತ್ರಿ ಬೇರೆ ಹಾಕುತ್ತಾರಾ?

ಒಮ್ಮೆ ಕೇಳಿಯೂ ಕೇಳಿದ್ದಳು. "ಇದನ್ನ ಯಾರು ಇಸ್ತ್ರಿ ಮಾಡಿದ್ದು?"

"ಯಾರೋ ಮಾಡಿರ್ತಾರೆ," ಅಂದಿದ್ದ ಅವನು, ಪೇಪರಿನಿಂದ ತಲೆ ಎತ್ತದೆ. ಪೇಪರು ತಲೆಕೆಳಗಾಗೇನೂ ಇರಲಿಲ್ಲ. ಆದರೆ ಅವನು ಆ ಪುಟ ಮಗುಚಲಿಲ್ಲ ಅನ್ನುವುದನ್ನು ಅವಳು ಗಮನಿಸಿದ್ದಳು.

ಅವತ್ತಿನಿಂದ ಅವಳ ಕಣ್ಣು ಬಿದ್ದಿದ್ದು ಔಷಧಿ ಅಂಗಡಿಯವಳ ಮೇಲೆ. ಆ ಹೆಂಗಸಿನ ಬಟ್ಟೆಯ ಇಸ್ತ್ರಿ ಸಂಜೆಯಾದರೂ ಮುರಿಯುತ್ತಿರಲಿಲ್ಲ. ಅವಳಿದ್ದ ಕಟ್ಟಡದ ಲಿಫ್ಟಂತೂ ನೆಗಡಿ ಬಂದ ಮಗುವಿನ ಹಾಗೆ ಮತ್ತೆ ಮತ್ತೆ ಕೆಡುತ್ತಿತ್ತು.

ಮೊನ್ನೆ ಬೆಳಗ್ಗೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಪಕ್ಕದಲ್ಲಿದ್ದ ಚೀಲದೊಳಗೆ ಸ್ಪ್ಯಾನರುಗಳ ಮೇಲೆ ತುಂಬಿದ ಡಬ್ಬಿ ಕೂತಿತ್ತು.

*

ತಟ್ಟೆ ಮೊದಲು ಬೋಳುಮೇಸ್ತ್ರಿಯ ಹತ್ತಿರ ಹೋಯಿತು. ಲಿಫ್ಟಣ್ಣನ ಜೊತೆ ವರ್ಕ್‌ಶಾಪಿನಲ್ಲಿ ತಲೆತುಂಬ ಕೂದಲಿದ್ದ ಕಾಲದಿಂದ ದುಡಿದವನು. ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡ. ಕಟಕ್.

"ಅಬ್ಬಬ್ಬಾ! ಏನತ್ತಿಗೆ ಇದು, ಒಳಗೆ ಕಲ್ಲು?"

"ಯಾಕೆ, ನೀವು ಯಾವತ್ತೂ ತಿಂದಿಲ್ವಾ?"

"ಎಲ್ಲಿ ತಿನ್ನಲಿ! ಇಷ್ಟು ವರ್ಷ ಒಂದೇ ಹಗ್ಗ ಹಿಡಿದು ಜೋತಾಡಿದ್ದೀವಿ, ಇಂಥದೊಂದು ವಿದ್ಯೆ ಇದೆ ಅಂತ ಬಾಯಿ ಬಿಟ್ಟಿಲ್ಲ ನೋಡಿ. ಕಳ್ಳ."

ವರ್ಕ್‌ಶಾಪಿನ ಮಾತು ಸುಳ್ಳು, ಹಾಗಾದರೆ. ಅಲ್ಲಿಗೆ ಅರ್ಧ ಸಾಬೀತಾಯಿತು.

ತಟ್ಟೆ ಎದುರುಮನೆ ಅಜ್ಜಿಗೆ ಬಂತು. ಅಜ್ಜಿ ಉಂಡೆಯನ್ನು ಬಾಯಿಗಿಟ್ಟು ಕೆನ್ನೆಗೆ ಸರಿಸಿ ಕಣ್ಣು ಮುಚ್ಚಿಕೊಂಡಳು. ಕಚ್ಚಲಿಲ್ಲ. ಈ ಮುದುಕಿಯಾ? ಗಂಡನಿಗಿಂತ ಇಪ್ಪತ್ತು ವರ್ಷ ದೊಡ್ಡವಳಲ್ಲವಾ?

"ಅಜ್ಜಿ, ಯಾಕೆ ಅಗೀತಾ ಇಲ್ಲ?"

"ಹಲ್ಲಿನ ಸೆಟ್ಟು ಮನೇಲಿ ಬಿಟ್ಟು ಬಂದೆ ಕಣಮ್ಮ," ಅಂದಳು ಅಜ್ಜಿ ತೊದಲುತ್ತ. "ಅಳುವಾಗ ಜಾರುತ್ತೆ."

ಮಗಳು ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿದ್ದುದು ಅಳುವಿನಿಂದಲೋ ನಗುವಿನಿಂದಲೋ ಹೇಳುವ ಹಾಗಿರಲಿಲ್ಲ.

ಔಷಧಿ ಅಂಗಡಿಯವಳು ಪೆಟ್ಟಿಗೆಯ ತಲೆಯ ಕಡೆಗೇ ಕುರ್ಚಿ ಹಾಕಿಕೊಂಡಿದ್ದಳು. ಬಂದಾಗಿನಿಂದ ಕರವಸ್ತ್ರ ಕಣ್ಣಿನಿಂದ ಇಳಿದಿರಲಿಲ್ಲ. "ಬೇಡಮ್ಮ, ಗಂಟಲಲ್ಲಿ ಇಳಿಯಲ್ಲ," ಅಂದಳು.

ಅವಳು ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ಮುಂದೆ ಚಾಚಿದಳು. "ತಗೊಳ್ಳಿ. ಇವರ ಕೈಯದು. ಇನ್ನು ಬೇಕು ಅಂದ್ರೂ ಸಿಗಲ್ಲ. ನಿಮಗೇ ಗೊತ್ತಿರಬೇಕಲ್ಲ."

ಆ ಮಾತಿನ ಕೊಂಕು ಆ ಹೆಂಗಸಿಗೆ ತಾಕಲೇ ಇಲ್ಲ. ಒಂದನ್ನೆತ್ತಿ ಅರ್ಧಕ್ಕೆ ಕಚ್ಚಿದಳು. ಬೀಜ ಕಟಕ್ಕೆಂದಿತು. ಮೂಗಿನ ತನಕ ಮುಖ ಸೊಟ್ಟಗಾಯಿತು. ಕೈಯಲ್ಲಿ ಉಳಿದ ಅರ್ಧವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕಹಿ ಏನೋ ಇದೆಯಲ್ಲ! ಇವರು ಇದನ್ನೂ ಮಾಡ್ತಿದ್ರಾ?"

ನಟನೆಯಾ? ಅವಳು ಆ ಮುಖವನ್ನು ಅಂಗುಲ ಅಂಗುಲವಾಗಿ ಜಾಲಾಡಿದಳು. ನಟನೆಯಲ್ಲ. ಆ ಹೆಂಗಸು ಕಹಿಗೆ ಬಾಯಲ್ಲಿ ನೀರೂರಿ ನುಂಗಲಾಗದೆ ಒದ್ದಾಡುತ್ತಿದ್ದಳು.

"ಮತ್ತೆ ನಿಮಗ್ಯಾಕೆ ಇಷ್ಟು ಅಳು?" ಮಾತು ಬಾಯಿಂದ ಜಾರಿಯೇ ಬಿಟ್ಟಿತು.

"ನಮ್ಮ ಮನೆಯವರಿಗೆ ಎದೆನೋವು ಬಂದ ದಿನ ಲಿಫ್ಟು ನಡುವೆ ನಿಂತುಬಿಟ್ಟಿತ್ತಮ್ಮ. ಇವರು ಓಡಿ ಬಂದು, ಮೇಲೆ ಹತ್ತಿ, ಕೈಯಲ್ಲೇ ಚಕ್ರ ತಿರುಗಿಸಿ ತಿರುಗಿಸಿ ಕೆಳಗಿಳಿಸಿದ್ರು. ಅಂಗೈ ಚರ್ಮ ಕಿತ್ತು ಬಂದಿತ್ತು. ನಮ್ಮವರು ಉಳೀಲಿಲ್ಲ. ಆದರೆ ಆ ಕೈ ಹೇಗೆ ಮರೀಲಿ?"

ಅಂಗೈಯ ಆ ಗಾಯಕ್ಕೆ ಮನೆಯಲ್ಲಿ ಮುಲಾಮು ಹಚ್ಚಿದವಳು ಅವಳೇ, ಹೆಂಡತಿ. ಹೇಗಾಯಿತು ಅಂದರೆ "ಎಲ್ಲೋ ತಾಗಿತು" ಅಂದಿದ್ದ. ಹಿಡಿಯಲು ಇದ್ದದ್ದು ಒಂದೇ ಜುಟ್ಟು, ಅದೂ ಕೈಜಾರಿತು. ಈಗ ಅವಳಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಮುಖ ಗೊತ್ತಿಲ್ಲದ ಒಬ್ಬಳು ಇರಬಹುದಲ್ಲ? ಇಲ್ಲಿಗೆ ಬರದೆ ಎಲ್ಲೋ ಕೂತು ಅಳುತ್ತಿರಬಹುದಲ್ಲ?

ಆಗ ಬಾಗಿಲ ಹೊರಗೆ ಯಾರೋ ನಿಂತಿರುವುದು ಕಂಡಿತು. ಕರಿ ಕೋಟು, ನೆರೆತ ಕೂದಲು. ಹೊಸ್ತಿಲಿನಿಂದ ಒಂದು ಗೇಣು ಆಚೆಗೆ ಶೂ ತುದಿಗಳನ್ನು ಜೋಡಿಸಿ ನಿಂತಿದ್ದ. ಮಗಳಿಗೆ ಗುರುತು ಸಿಗಲಿಲ್ಲ. ಅಮ್ಮನ ಕೈಯಿಂದ ತಟ್ಟೆ ವಾಪಸು ತೆಗೆದುಕೊಂಡು ಅಲ್ಲಿಗೂ ಹೋದಳು.

ತಾಯಿಗೆ ಸಿಕ್ಕಿತು.

*

ಅವನು ಅವಳ ತಮ್ಮ. ಅವರಮ್ಮ ತೀರಿಕೊಂಡ ದಿನ ಆಸ್ಪತ್ರೆಯ ವರಾಂಡದಲ್ಲಿ ಅಮ್ಮನ ಚಪ್ಪಲಿ ಹಿಡಿದುಕೊಂಡು ನಿಂತಿದ್ದ. ಅವಳು ಓಡಿ ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ನಿನ್ನೆಯಿಂದ ಸೀರಿಯಸ್ಸಂತೆ. ಯಾಕೋ ಹೇಳಿ ಕಳಿಸಲಿಲ್ಲ?"

"ಅಮ್ಮನೇ ಬೇಡ ಅಂದ್ಲು ಅಕ್ಕ. ನಿನ್ನ ಮಗೂಗೆ ಜ್ವರ ಅಂತ..."

"ಸತ್ತೋರ ಹೆಸರು ಹೇಳಿ ತಪ್ಪಿಸ್ಕೋಬೇಡ. ನನ್ನ ತಾಯಿ ಮುಖ ನನಗೆ ತಪ್ಪಿಸಿದೆ ನೀನು. ಇನ್ನು ನನ್ನ ಮನೆ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ."

ಎತ್ತಿ ಆಡಿಸಿ ಬೆಳೆಸಿದ ತಮ್ಮ. ಮನೆಗೆ ಬಂದು ಗಂಡನಿಗೂ ಹೇಳಿದ್ದಳು: "ಅವನ ಜೊತೆ ಮಾತಾಡಿದ್ರೆ ನನ್ನ ಜೊತೆ ಮಾತಾಡ್ಬೇಡಿ."

"ಆಯ್ತು," ಅಂದಿದ್ದ ಲಿಫ್ಟಣ್ಣ. ಜಗಳ ಗೊತ್ತಿಲ್ಲದ ಮನುಷ್ಯ. ಎಲ್ಲದಕ್ಕೂ ಆಯ್ತು.

*

ತಟ್ಟೆಯಿಂದ ತಮ್ಮ ಒಂದು ಉಂಡೆ ಎತ್ತಿದ. ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದ. ಬಾಯಿಗಿಟ್ಟು, ಎಡಗೆನ್ನೆಗೆ ಸರಿಸಿ, ತುಟಿ ಮುಚ್ಚಿದ. ಕಚ್ಚಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ನೆಲಕ್ಕಿಟ್ಟು, ತಾಳ್ಮೆಯಿಂದ ನಿಂತೇ ಇದ್ದ. ಅವನ ಬಾಯಲ್ಲಿ ಹಲ್ಲುಗಳಿದ್ದವು.

ಅವಳು ಬಾಗಿಲಿಗೆ ನಡೆದಳು.

"ಯಾರು ಹೇಳಿದ್ರು ನಿನಗೆ?"

ಅವನು ಬೀಜವನ್ನು ಕಡಿದು ನುಂಗಿದ. "ಯಾರೂ ಹೇಳಲಿಲ್ಲ ಅಕ್ಕ. ಬರ್ತೀನಿ ಅಂದ ದಿನ ಭಾವ ಬರಲಿಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿದೆ."

"ಬರ್ತಿದ್ರಾ? ಎಂದಿನಿಂದ?"

"ಅಮ್ಮ ಹೋದಾಗಿನಿಂದ."

"ಆ ಬಟ್ಟೆಗೆ ಇಸ್ತ್ರಿ ಹಾಕ್ತಿದ್ದವಳು ಯಾರು?"

"ನಾನೇ. ನಾನೀಗ ಕೆಲಸಕ್ಕಿರೋದು ಲಾಂಡ್ರೀಲಲ್ವಾ. ಭಾವ ಹೇಳ್ಲಿಲ್ವಾ..." ಅಂದವನು ತಡೆದುಕೊಂಡ. "ಅಲ್ಲ, ಹೇಗೆ ಹೇಳ್ತಾರೆ."

ಹೆಂಗಸಾಗಿದ್ದರೆ ಏನು ಅನ್ನಬೇಕೆಂದು ರಾತ್ರಿಯೆಲ್ಲ ಕೂತು ಮಾತು ಕೂಡಿಸಿಟ್ಟುಕೊಂಡಿದ್ದಳು. ಅವುಗಳಲ್ಲಿ ಒಂದೂ ಇಲ್ಲಿಗೆ ಹೊಂದುತ್ತಿರಲಿಲ್ಲ.

"ಕೂತು ನನ್ನ ಮೇಲೆ ದೂರು ಹೇಳ್ತಿದ್ರಿ, ಅಲ್ವಾ ಇಬ್ಬರೂ?"

"ದೂರಲ್ಲ, ಸುದ್ದಿ. ಸ್ಟೂಲಿನಿಂದ ಬಿದ್ದು ಮಂಡಿ ನೋಯಿಸ್ಕೊಂಡಿದ್ದು. ಮಗಳಿಗೆ ಕೆಲಸ ಸಿಕ್ಕಿದ್ದು. ಡಬ್ಬಿ ಬಟ್ಟೆ ಮೂಸಿ ನೋಡ್ತೀಯ ಅಂತಾನೂ ಹೇಳಿದ್ರು."

"ಅಯ್ಯೋ! ನಾನು ಅನುಮಾನ ಪಡ್ತಿದೀನಿ ಅಂತ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿಬಿಡಿ ಭಾವ, ಪಾಪ, ಸುಮ್ಮನೆ ಕೊರಗ್ತಾಳೆ ಅಂತ ನಾನೂ ಅಂದೆ. 'ಬೇರೆ ಹೆಂಗಸು ಅಂದ್ಕೊಂಡ್ರೆ ಅವಳಿಗೆ ನನ್ನೊಬ್ಬನ ಮೇಲೆ ಕೋಪ ಕಣೋ. ನೀನು ಅಂತ ಗೊತ್ತಾದ್ರೆ ನಾನು ಬರೋದೂ ನಿಂತುಹೋಗುತ್ತೆ' ಅಂದ್ರು."

ಅವಳು ತಿರುಗಿ ಪೆಟ್ಟಿಗೆಯ ಕಡೆ ನೋಡಿದಳು. ಅಲ್ಲಿಂದ ಅವನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಮಲಗಿದವನು ಏನೂ ಅರಿಯದವನ ಹಾಗೆ ಮಲಗಿದ್ದ.

ವ್ಯಾನಿನ ಡ್ರೈವರು ಕೆಳಗಿನಿಂದ ಹಾರನ್ನು ಒತ್ತಿದ. ಬೋಳುಮೇಸ್ತ್ರಿ ಎದ್ದು ಮುಚ್ಚಳ ಹಾಕಿಸಿದ. ಊರಿನ ಲಿಫ್ಟನ್ನೆಲ್ಲ ಓಡಿಸಿದವನು ಬಾಳಿದ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ; ಮೂರು ಮಹಡಿ ಹೊತ್ತೇ ಇಳಿಸಬೇಕು. ಮೇಸ್ತ್ರಿ ಮತ್ತು ವರ್ಕ್‌ಶಾಪಿನ ಇಬ್ಬರು ಒಂದೊಂದು ಮೂಲೆ ಹಿಡಿದರು. ತಲೆಯ ಕಡೆ ಒಂದು ಮೂಲೆ ಖಾಲಿ ಉಳಿಯಿತು. ತಮ್ಮ ಅತ್ತ ನೋಡಿದ, ಹೊಸ್ತಿಲು ನೋಡಿದ. ಕದಲಲಿಲ್ಲ.

"ಬಾಗಿಲಿಗೆ ಅಡ್ಡ ನಿಂತ್ರೆ ಪೆಟ್ಟಿಗೆ ಹೇಗೆ ಹೊರಗೆ ಹೋಗುತ್ತೋ?" ಅಂದಳು ಅವಳು. "ಒಳಗೆ ಬಂದು ಆ ಮೂಲೆ ಹಿಡಿ."

ಅವನು ಕೋಟು ಬಿಚ್ಚಿ ಅಕ್ಕನ ಮಗಳ ಕೈಗೆ ಕೊಟ್ಟು ಒಳಗೆ ಬಂದ.

ಮೆಟ್ಟಿಲು ಕಿರಿದು. "ನಿಧಾನ, ನಿಧಾನ, ಎಡಕ್ಕೆ," ಅನ್ನುತ್ತ ಮೇಸ್ತ್ರಿ ಮುಂದೆ ಇಳಿಯುತ್ತಿದ್ದ. ಮೇಲಿನ ತುದಿಯಲ್ಲಿ ತಮ್ಮ ಬಗ್ಗಿಕೊಂಡಿದ್ದ. ಅವನ ಬೆನ್ನ ಹಿಂದೆಯೇ ಅವಳು, ಕಂಬಿ ಹಿಡಿದು, ನೋಯುವ ಕಾಲನ್ನು ಮೊದಲು ಇಳಿಸುತ್ತ. ತಿರುವಿನಲ್ಲಿ ಪೆಟ್ಟಿಗೆಯ ಭಾರಕ್ಕೆ ಅವನ ಅಂಗಿ ಎಳೆದುಕೊಂಡು ಕಾಲರು ಮಗುಚಿತು. ನೀಲಿ ಅಂಗಿ. ಕಾಲರಿನ ಒಳಗೆ ಹರಿದ ಕಡೆ ಬೂದು ದಾರದ ಹೊಲಿಗೆ. ನೀಲಿ ದಾರ ಮುಗಿದಿತ್ತೆಂದು ಒಮ್ಮೆ ಸಿಕ್ಕಿದ್ದರಲ್ಲೇ ಗಂಡನ ಅಂಗಿಗೆ ಹೊಲಿದದ್ದು ಅವಳ ಕೈ. ಆ ಅಂಗಿ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಚಿಂದಿಯಾಯಿತು, ಎಸೆದುಬಿಟ್ಟೆ ಅಂದಿದ್ದ ಗಂಡ.

"ನಿಲ್ಲಿ," ಅಂದಳು.

ನಾಲ್ವರೂ ನಿಂತರು. ಎರಡು ಮಹಡಿಗಳ ನಡುವೆ, ತಿರುವಿನಲ್ಲಿ, ಪೆಟ್ಟಿಗೆ ಓರೆಯಾಗಿ ನಿಂತಿತು. ಕೆಳಗಿನಿಂದ ಮೇಸ್ತ್ರಿಯ ಏದುಸಿರು ಕೇಳುತ್ತಿತ್ತು. "ಏನಾಯ್ತತ್ತಿಗೆ? ಭಾರ ಇದೆ."

"ಇರಲಿ, ಒಂದು ನಿಮಿಷ."

ಅವಳು ಕಂಬಿ ಬಿಟ್ಟು ಎರಡೂ ಕೈ ಮುಂದೆ ಚಾಚಿದಳು. ತಮ್ಮನ ಕಾಲರನ್ನು ಮಡಚಿ, ಎರಡೂ ತುದಿ ಸಮ ಮಾಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸತೊಡಗಿದಳು.