ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ

ಸೇನಾ ನೆಲೆಯ ಪ್ಯಾರಾಶೂಟ್ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವಳದ್ದು ಒಂದೇ ಕೆಲಸ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರವಿ, ಹಗ್ಗಗಳ ಸಿಕ್ಕು ಬಿಡಿಸಿ, ಮಡಚಿ, ಚೀಲಕ್ಕೆ ತುಂಬಿ, ಚೀಟಿಗೆ ಸಹಿ ಹಾಕುವುದು. ಆ ಸಹಿ ನಂಬಿ ಸೈನಿಕರು ವಿಮಾನದಿಂದ ಧುಮುಕುತ್ತಿದ್ದರು. ಒಂದು ಸುಕ್ಕು ಕಂಡರೂ ಬಿಚ್ಚಿ ಮೊದಲಿನಿಂದ ಮಡಚುವವಳು. ಎದುರು ಮೇಜಿನ ಗೆಳತಿ ಅವಳನ್ನು 'ಇಸ್ತ್ರಿಪೆಟ್ಟಿಗೆ' ಎಂದೇ ಕರೆಯುತ್ತಿದ್ದಳು.

ಎರಡು ವರ್ಷದ ಹಿಂದೆ ತರಬೇತಿಗೆಂದು ತಾನೂ ವಿಮಾನದಿಂದ ಧುಮುಕಿದಾಗ ಅವಳ ಬೆನ್ನುಮೂಳೆಗೆ ಪೆಟ್ಟು ಬಿದ್ದಿತ್ತು. ಸೇನಾ ಆಸ್ಪತ್ರೆಯ ಡಾಕ್ಟರಮ್ಮ, ಚೀಟಿಯಿಲ್ಲದೆ ಯಾವ ಅಂಗಡಿಯಲ್ಲೂ ಸಿಗದ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೊಂದು.

ಒಂದು ಸೋಮವಾರ, ಯಾರಾದರೂ ಅಮಲಿನ ಮದ್ದು ತಗೊಳ್ಳುತ್ತಾರೋ ಎಂದು ನೋಡಲು ಎಲ್ಲರ ಮೂತ್ರ ಪರೀಕ್ಷೆಯಾಯಿತು. ಗುರುವಾರ ಮೇಜರ್ ಪ್ಯಾರಾಶೂಟ್ ಕೋಣೆಗೆ ಬಂದವರೇ ಎಲ್ಲರ ಮುಂದೆ ಅವಳಿಗೆ, "ನಿನ್ನ ಪರೀಕ್ಷೆಯಲ್ಲಿ ಅಮಲಿನ ಮದ್ದು ಸಿಕ್ಕಿದೆ, ಮೇಜಿನಿಂದ ಕೈ ತೆಗಿ" ಎಂದರು.

"ಸರ್, ಡಾಕ್ಟರ ಚೀಟಿ ಇದೆ..."

"ಅದನ್ನೆಲ್ಲ ವಿಚಾರಣೆಯಲ್ಲಿ ಹೇಳು."

ಅವಳ ಸಹಿಯಿದ್ದ ಅರವತ್ತೆರಡು ಪ್ಯಾರಾಶೂಟ್‌ಗಳನ್ನು ಅವಳ ಕಣ್ಣೆದುರೇ ಬಿಚ್ಚಿಸಿದರು.

ವಿಚಾರಣೆ ಆಗುವವರೆಗೆ ಅವಳನ್ನು ಹಳೇ ಕಂಬಳಿ ವಿಂಗಡಿಸುವ ಕೋಣೆಗೆ ಹಾಕಿದರು. ಹರಿದದ್ದು ಒಂದು ಕಡೆ, ಹರಿಯದ್ದು ಇನ್ನೊಂದು ಕಡೆ. ಮಾತಾಡಲು ನರಪಿಳ್ಳೆ ಇಲ್ಲ. ಊಟದ ಕೋಣೆಯಲ್ಲಿ ಅವಳು ಹೋಗಿ ಕೂತರೆ ಮೇಜೇ ಖಾಲಿಯಾಗುತ್ತಿತ್ತು. ಗೆಳತಿ ಒಮ್ಮೆ ತಟ್ಟೆ ಹಿಡಿದು ಹತ್ತಿರ ಬಂದಳು. ಏನೋ ಮರೆತವಳಂತೆ ತಿರುಗಿ ಹೋದಳು.

ಫೋನಿನಲ್ಲಿ ಅಕ್ಕ, "ಆ ಹಾಳು ಮಾತ್ರೆ ಬಿಟ್ಟುಬಿಡೇ ಪುಟ್ಟಿ, ಇಲ್ಲದ ರಗಳೆ ಯಾಕೆ?" ಎಂದಳು. ಬಿಟ್ಟಳು. ಮೂರನೇ ದಿನ ಮೈಯೆಲ್ಲ ಬೆವರು, ನಡುಕ. ಕಂಬಳಿ ಎತ್ತಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಕೂಗಿದರೆ ಕೇಳುವವರಿರಲಿಲ್ಲ. ಸಂಜೆ ಬೀಗ ಹಾಕಲು ಬಂದ ಕಾವಲುಗಾರ ನೋಡಿ ಆಸ್ಪತ್ರೆಗೆ ಸೇರಿಸಿದ.

"ಇದನ್ನ ಹೀಗೆ ಏಕಾಏಕಿ ನಿಲ್ಲಿಸ್ತಾರೇನಮ್ಮ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಡಾಕ್ಟರಮ್ಮ ರೇಗಿದರು. ವಿಷಯವೆಲ್ಲ ಕೇಳಿದ ಮೇಲೆ ಅವರ ಸಿಟ್ಟು ಬೇರೆ ಕಡೆಗೆ ತಿರುಗಿತು.

ವಿಚಾರಣೆಗೆ ಅವರೇ ಕಡತ ಹಿಡಿದು ಬಂದರು. "ಮಾತ್ರೆ ಬರೆದವಳು ನಾನು. ಇದನ್ನ ತಗೊಂಡು ಈ ಕೆಲಸ ಮಾಡಬಹುದು ಅಂತ ಬರೆದವಳೂ ನಾನೇ. ಇದರ ಪ್ರತಿ ನಿಮ್ಮ ಕಚೇರಿಯಲ್ಲೇ ಇದೆ, ಯಾರೂ ತೆರೆದು ನೋಡಿಲ್ಲ. ಇರಲಿ, ಬಿಚ್ಚಿಸಿದ ಪ್ಯಾರಾಶೂಟ್‌ಗಳಲ್ಲಿ ತಪ್ಪಾಗಿ ಮಡಚಿದ್ದು ಎಷ್ಟು?"

ಮೇಜರ್ ಕಡತವನ್ನು ತಮ್ಮ ಕಡೆ ಎಳೆದುಕೊಂಡರು. "ಒಂದೂ ಇಲ್ಲ."

ತಪ್ಪಿಲ್ಲವೆಂಬ ಪತ್ರವನ್ನು ಮೇಜರ್ ಅವಳನ್ನು ತಮ್ಮ ಕೋಣೆಗೆ ಕರೆಸಿ ಕೊಡಲು ಹೋದರು. ಅವಳು ಕೈ ಚಾಚಲಿಲ್ಲ. "ಕಳಿಸಿದ್ದು ಎಲ್ಲರ ಮುಂದೆ ಸರ್. ಕರೆಯೋದೂ ಎಲ್ಲರ ಮುಂದೆ ಆಗಲಿ."

ಮರುದಿನ ಮೇಜರ್ ಪ್ಯಾರಾಶೂಟ್ ಕೋಣೆಯಲ್ಲಿ ನಿಂತು ಪತ್ರ ಓದಿದರು. ಅದರಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದರು: "ಮೊದಲೇ ಕೇಳಬೇಕಿತ್ತು. ನಾನು ಕೇಳಲಿಲ್ಲ."

ಮಧ್ಯಾಹ್ನ ಗೆಳತಿ ಎದುರಿಗೆ ಬಂದು ಕೂತಳು. "ನನಗಂತೂ ನಿನ್ನ ಮೇಲೆ ಒಂದಿಷ್ಟೂ ಅನುಮಾನ ಇರಲಿಲ್ಲ ಕಣೇ."

"ಮತ್ತೆ ಆವತ್ತು ಯಾಕೆ ತಿರುಗಿ ಹೋದೆ?"

ಗೆಳತಿ ತಲೆ ತಗ್ಗಿಸಿದಳು. "ಹೆದರಿಕೆ ಆಯ್ತು."

ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡು ಇವಳು ನೀರಿನ ಜಗ್ಗನ್ನು ಅವಳ ಕಡೆ ಸರಿಸಿದಳು. ಅಂದಿನಿಂದ ಇಬ್ಬರೂ ಮತ್ತೆ ಒಟ್ಟಿಗೇ ಉಂಡರು, ಅದೂ ಇದೂ ಮಾತಾಡಿದರು. ಬೆನ್ನು ನೋಯುತ್ತಿದೆ ಎಂದು ಮಾತ್ರ ಇವಳು ಆಮೇಲೆ ಯಾರ ಹತ್ತಿರವೂ ಹೇಳಲಿಲ್ಲ.