ಮುಳ್ಳು ಕುಸಿದ ಜಾಗ

ಕಾರು ಮೊದಲ ಸಲ ತಡವರಿಸಿದ್ದು ನಾಲ್ಕು ದಾರಿ ಕೂಡುವಲ್ಲಿ. ಬಲಗಡೆಯಿಂದ ಬರುತ್ತಿದ್ದ ಲಾರಿ ಇನ್ನೂ ದೂರದಲ್ಲಿತ್ತು. ದಾಟಲು ಸಮಯವಿದೆ ಎಂದು ಲೆಕ್ಕ ಹಾಕಿದೆ, ಆ ಲೆಕ್ಕವನ್ನು ಇನ್ನೊಮ್ಮೆ ಹಾಕಿದೆ, ಆಮೇಲೆ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಕಾರು ಹೊರಟಿತು. ದಾರಿಯ ನಟ್ಟನಡುವೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ನಿಂತುಬಿಟ್ಟಿತು. ಒಂದು ಕ್ಷಣ ಎಂಜಿನ್ನಿನಲ್ಲಿ ಉಸಿರೇ ಇರಲಿಲ್ಲ. ಮರುಕ್ಷಣ ತಾನಾಗಿಯೇ ಮುಗ್ಗರಿಸಿ ಮುಂದಕ್ಕೆ ನೆಗೆಯಿತು. ಲಾರಿಯವನು ಉದ್ದಕ್ಕೆ ಹಾರ್ನ್ ಒತ್ತಿ ಕಿಟಕಿಯಿಂದ ಕೈ ಬೀಸಿ ಬೈದ. ಪಕ್ಕದ ಸೀಟಿನಲ್ಲಿದ್ದ ಮಾವ ತಲೆ ತಗ್ಗಿಸಿ ಪೆಡಲುಗಳ ಕಡೆ ನೋಡುತ್ತಿದ್ದರು. ನನ್ನ ಕಾಲನ್ನು ನೋಡುತ್ತಿದ್ದಾರೆ ಎಂದುಕೊಂಡೆ.

ಕಾರು ಅವರದೇ. ಹನ್ನೊಂದು ವರ್ಷ ಓಡಿಸಿ, ಅದಕ್ಕೆ ಎಂಟು ದಿನ ಮೊದಲು ಒಂದು ಬೆಳಿಗ್ಗೆ ಕೀಲಿಯನ್ನು ನನ್ನ ಟೀ ಲೋಟದ ಪಕ್ಕ ಇಟ್ಟು, "ಇನ್ನು ನೀನೇ ಇಟ್ಕೋ ತಾಯಿ, ನಂಗೆ ಸಾಕಾಯ್ತು" ಎಂದಿದ್ದರು. ಆ ಹನ್ನೊಂದು ವರ್ಷದಲ್ಲಿ ಅವರು ಗಂಟೆಗೆ ನಲವತ್ತರ ಮೇಲೆ ಹೋದದ್ದನ್ನು ಯಾರೂ ಕಂಡಿಲ್ಲ. ಅದರ ಕೆಳಗೂ ಇಳಿಯುತ್ತಿರಲಿಲ್ಲ. ಅಪ್ಪನ ಹಿಂದೆ ಸಿಕ್ಕಿಕೊಂಡವರಿಗೆ ಮನೆ ಮುಟ್ಟುವಷ್ಟರಲ್ಲಿ ಕೂದಲು ನೆರೆದಿರುತ್ತದೆ ಎಂದು ನನ್ನ ಗಂಡ ನಗುತ್ತಿದ್ದ.

ಮುಂದಿನ ಮೂರು ವಾರದಲ್ಲಿ ಕಾರು ಇನ್ನೂ ಎಂಟು ಸಲ ತಡವರಿಸಿತು. ಮೊದಲಿನದೂ ಸೇರಿ ಪ್ರತಿ ಸಲದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ದಿನ, ಹೊತ್ತು, ಬಿಸಿಲೋ ಮೋಡವೋ, ಯಾವ ಗೇರು, ಏರೋ ಇಳಿಜಾರೋ, ಕಾಲನ್ನು ಎಷ್ಟು ಒತ್ತಿದ್ದೆ. ಗಂಡನಿಗೆ ತೋರಿಸಿದೆ. ಅವನು ಓದಲಿಲ್ಲ ಎನ್ನಲಾರೆ. ಓದಿ, ಕೀಲಿ ತೆಗೆದುಕೊಂಡು ಹೋಗಿ ಊರೆಲ್ಲ ಒಂದು ಸುತ್ತು ಹಾಕಿ ಬಂದ.

"ಕುದುರೆ ಇದ್ದ ಹಾಗಿದೆ" ಎಂದ. "ಒತ್ತಿದ್ರೆ ಓಡುತ್ತೆ."

"ನಾನು ಒತ್ತಿದಾಗ ಓಡಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಹೇಳಿದ ಮೇಲೆ ಅವನಿಗೇ ಹೆಚ್ಚಾಯಿತು ಅನ್ನಿಸಿರಬೇಕು. ದನಿ ಇಳಿಸಿ, "ನಿಂದು ಹೆದರಿದ ಕಾಲು. ನಡುರಸ್ತೇಲಿ ಹೆದರ್ಕೊಂಡು ಕಾಲು ಎತ್ತಿಬಿಡ್ತೀಯ, ಎತ್ತಿದ್ದು ನಿಂಗೇ ಗೊತ್ತಾಗಲ್ಲ" ಎಂದ.

ದೊಡ್ಡ ಸರ್ವಿಸ್ ಸೆಂಟರಿನವರು ಕಾರಿಗೆ ಕಂಪ್ಯೂಟರ್ ಜೋಡಿಸಿ, ಯಾವ ದೋಷವೂ ದಾಖಲಾಗಿಲ್ಲ ಎಂದು ಒಂದು ಹಾಳೆ ಅಚ್ಚು ಹಾಕಿ ಕೊಟ್ಟರು. ಅದನ್ನು ನೋಡಿದ ಮೇಲೆ ಗಂಡ ತೀರ್ಮಾನ ಹೇಳಿದ. ಶನಿವಾರ ಭಾವ, ಎಂದರೆ ಅವನ ಅಕ್ಕನ ಗಂಡ, ಬಂದು ಕಾರು ತೆಗೆದುಕೊಂಡು ಹೋಗುತ್ತಾರೆ. ನಾನು ಬಸ್ಸಿನಲ್ಲಿ ಓಡಾಡುತ್ತೇನೆ. ಅವನಿಗೆ ಸಿಟ್ಟಿರಲಿಲ್ಲ, ಭಯವಿತ್ತು. ನಾನು ಲಾರಿಯ ಕೆಳಗೆ ಹೋಗುವುದು ಅವನಿಗೆ ಬೇಡವಾಗಿತ್ತು.

ವಾದಿಸಲು ನನ್ನಲ್ಲಿ ಏನಿತ್ತು? ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡುವವಳು ನಾನು. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೆಟ್ಟಿಲಿನಿಂದ ಹಿಂದಿರುಗುವವಳು. ನನ್ನ ಕಾಲು ನನಗೆ ತಿಳಿಯದೆ ಮೇಲೆದ್ದಿರಲಾರದು ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗಿರಲಿಲ್ಲ. ಕಾಲಿನದೇ ತಪ್ಪಾದರೆ ಶನಿವಾರದವರೆಗೆ ಕಾಯದೆ ಕೀಲಿಯನ್ನು ನಾನೇ ಕೊಟ್ಟುಬಿಡಬೇಕು. ಕಾರಿನದಾದರೆ ಆ ಕಾರು ಇನ್ನೊಬ್ಬರ ಕೈಗೆ ಹೋಗಿ ಅಲ್ಲೂ ನಡುರಸ್ತೆಯಲ್ಲಿ ನಿಲ್ಲುತ್ತದೆ. ಎರಡರಲ್ಲಿ ಯಾವುದು? ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ, ತಿಳಿಯಬೇಕೆಂಬ ಒಂದು ತುರಿಕೆ.

ಉತ್ತರದ ತುದಿ ಸಿಕ್ಕಿದ್ದು ಕೆಲಸದ ಜಾಗದಲ್ಲಿ. ನಾನು ಕಿವಿಯ ಶಕ್ತಿಯನ್ನು ಪರೀಕ್ಷಿಸುವ ಕೇಂದ್ರದಲ್ಲಿದ್ದೇನೆ. ದಪ್ಪ ಗಾಜಿನ ಆಚೆ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ ಒಬ್ಬರು ಕೂರುತ್ತಾರೆ. ಈಚೆಯಿಂದ ನಾನು ಒಂದೊಂದೇ ಸ್ವರ ಕಳಿಸುತ್ತೇನೆ. ಕೇಳಿದರೆ ಗುಂಡಿ ಒತ್ತುತ್ತಾರೆ. ಗುರುವಾರ ಬಂದವನು ಮಗ್ಗದ ಕಾರ್ಖಾನೆಯ ಕೆಲಸಗಾರ.

"ನಂಗೆಲ್ಲಾ ಕೇಳುತ್ತೆ ಮೇಡಂ, ನಮ್ಮನೆಯವಳೇ ಬಾಯೊಳಗೆ ಮಾತಾಡ್ತಾಳೆ" ಎಂದು ನಗುತ್ತ ಒಳಗೆ ಹೋದ.

ದಪ್ಪ ಸ್ವರಗಳು ಅವನಿಗೆ ಕೇಳಿದವು. ಎಲ್ಲಕ್ಕಿಂತ ಸಣ್ಣದಾದ ಸೀಟಿಯಂಥದ್ದೂ ಕೇಳಿತು. ನಡುವೆ ಒಂದು ಸ್ವರಕ್ಕೆ ಮಾತ್ರ ಗುಂಡಿ ಒತ್ತಲೇ ಇಲ್ಲ. ಹಾಳೆಯ ಮೇಲಿನ ಗೆರೆ ಸಮನಾಗಿ ಬಂದು, ಒಂದು ಕಡೆ ಹಳ್ಳಕ್ಕೆ ಬಿದ್ದು, ಮತ್ತೆ ಮೇಲೆದ್ದು ಹೋಯಿತು. ಮಗ್ಗದ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತ ಕಿವಿಗಳಲ್ಲಿ ಇಂಥ ಹಳ್ಳವನ್ನು ಎಷ್ಟೋ ಸಲ ನೋಡಿದ್ದೇನೆ. ಎರಡು ತುದಿ ಮಾತ್ರ ಪರೀಕ್ಷಿಸಿದ್ದರೆ ಅವನ ಕಿವಿ ಸರಿಯಿದೆ ಎಂದೇ ಬರೆದುಕೊಡಬೇಕಿತ್ತು.

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಸರ್ವಿಸ್ ಸೆಂಟರಿನವನು ಏನೆಂದಿದ್ದ? "ಕಾಲು ಬಿಟ್ಟಾಗ ಸರಿ ಇದೆ, ಪೂರ್ತಿ ಒತ್ತಿದಾಗಲೂ ಸರಿ ಇದೆ." ಮಧ್ಯದ ಮಾತನ್ನೇ ಆಡಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದೆ. ಒಂಬತ್ತು ಸಲವೂ ಕೊನೆಯ ಕಾಲಂನಲ್ಲಿ ಒಂದೇ ಮಾತಿತ್ತು: ಸ್ವಲ್ಪ. ಬಿಸಿಲು, ಮೋಡ, ಗೇರು ಎಲ್ಲ ಬದಲಾಗಿತ್ತು, ಅದೊಂದು ಬದಲಾಗಿರಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಸೋಡಾಬುಡ್ಡಿಯ ಶೆಡ್ಡಿಗೆ ಹೊರಟೆ. ಗಾಡಿಗಳ ವಿದ್ಯುತ್ ಕೆಲಸ ಮಾಡುವ ಅವರನ್ನು ದಪ್ಪ ಕನ್ನಡಕಕ್ಕಾಗಿ ಎಲ್ಲರೂ ಹಾಗೇ ಕರೆಯುತ್ತಾರೆ. ಫೋನ್ ಮಾಡಿದರೆ ಅವರೂ "ಸೋಡಾಬುಡ್ಡಿ ಮಾತಾಡ್ತಿರೋದು" ಎನ್ನುತ್ತಾರೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಮಾವ ಶರಟಿನ ಗುಂಡಿ ಹಾಕಿಕೊಳ್ಳುತ್ತ ಬಂದು, "ನಾನೂ ಬರ್ತೀನಿ" ಎಂದರು.

ಶೆಡ್ಡು ಟೈರು ಅಂಗಡಿಯ ಹಿಂದಿತ್ತು. ಒಂದು ಗೋಡೆಗೆ ಬಣ್ಣಬಣ್ಣದ ತಂತಿಯ ಸುರುಳಿಗಳು, ಇನ್ನೊಂದಕ್ಕೆ ಸತ್ತ ಹೆಡ್‌ಲೈಟುಗಳು. ನನ್ನ ಕತೆ ಕೇಳಿ, ನೋಟ್‌ಬುಕ್ಕನ್ನೂ ಸೋಡಾಬುಡ್ಡಿ ಮೂಗಿಗೆ ತಾಗಿಸಿಕೊಂಡಂತೆ ಓದಿದರು.

"ಡಾಕ್ಟರ್ ಹತ್ರ ಹೋಗೋರೂ ಇಷ್ಟು ಬರ್ಕೊಂಡು ಹೋಗಲ್ಲ ಅಕ್ಕ" ಎಂದರು. "ಕಂಪ್ಯೂಟರ್ ನೋಡಿ ಆಯ್ತು, ಈಗ ಕಣ್ಣು ಕಾಣದವನ ಹತ್ರ ಬಂದಿದ್ದೀರ. ಇರಲಿ. ಬಾನೆಟ್ ಎತ್ತಿ."

ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ತಗಡಿನ ಕದವಿದೆ; ಆಕ್ಸಿಲರೇಟರ್ ಒತ್ತಿದಷ್ಟೂ ಅದು ತೆರೆದುಕೊಳ್ಳುತ್ತದೆ. ಅದರ ಪಕ್ಕಕ್ಕೆ ಎರಡು ತಿರುಪಿನಿಂದ ಬಿಗಿದ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯನ್ನು ಅವರು ಸ್ಕ್ರೂಡ್ರೈವರಿನಿಂದ ಮುಟ್ಟಿ ತೋರಿಸಿದರು. "ಥ್ರಾಟಲ್ ಸೆನ್ಸರ್. ಕದ ಎಷ್ಟು ತೆರೆದಿದೆ ಅಂತ ಎಂಜಿನ್ನಿನ ಮಿದುಳಿಗೆ ಚಾಡಿ ಹೇಳೋದು ಇದೇ. ಇದು ಸುಳ್ಳು ಹೇಳಿದ್ರೆ, ನೀವು ಕಾಲು ಒತ್ತಿದ್ರೂ ಮಿದುಳಿಗೆ ಬಿಟ್ಟ ಹಾಗೇ ಲೆಕ್ಕ. ಪೆಟ್ರೋಲ್ ನಿಲ್ಲಿಸಿಬಿಡುತ್ತೆ."

ಎಂಜಿನ್ ಹಚ್ಚದೆ ಕೀಲಿಯನ್ನು ಮಾತ್ರ ತಿರುಗಿಸಲು ಹೇಳಿದರು. ಡಬ್ಬಿಗೆ ಹೋಗುವ ಮೂರು ತಂತಿಗಳಲ್ಲಿ ಒಂದರ ಹಿಂದಿನಿಂದ ಗುಂಡುಸೂಜಿ ತೂರಿಸಿ ಅಂಕಿ ತೋರಿಸುವ ಮೀಟರ್ ಜೋಡಿಸಿದರು. ಕದ ಮುಚ್ಚಿದ್ದಾಗ ಅರ್ಧ ವೋಲ್ಟು. ಪೂರ್ತಿ ತೆರೆದಾಗ ನಾಲ್ಕೂವರೆ.

"ಇಷ್ಟೇ ಇರಬೇಕು. ಸರಿಯಾಗಿದೆ ಅಕ್ಕ."

ಹಾಗಿದ್ದರೆ ಕಾಲೇ. ಆದರೂ ಹೇಳಿದೆ: "ಅದು ಎರಡು ತುದಿ. ನಡುವೆ ನೋಡ್ಬೇಕು. ನಿಧಾನಕ್ಕೆ, ನಾನು ಒತ್ತೋ ಹಾಗೆ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಮೀಟರ್ ತಂದರು. ಅದರಲ್ಲಿ ಅಂಕಿಯಿಲ್ಲ, ಗಡಿಯಾರದ ಹಾಗೆ ಮುಳ್ಳು. "ಅಂಕಿ ಮೀಟರ್ ಯೋಚನೆ ಮಾಡಿ ಹೇಳುತ್ತೆ, ಅಷ್ಟರಲ್ಲಿ ಕಳ್ಳ ಓಡಿಹೋಗಿರ್ತಾನೆ. ಮುಳ್ಳು ಯೋಚನೆ ಮಾಡಲ್ಲ. ಯಜಮಾನ್ರೇ, ನೀವು ಕೂತು ಪೆಡಲ್ ಒತ್ತಿ, ಅಕ್ಕ ಮುಳ್ಳು ನೋಡ್ಲಿ."

ಮಾವ ಒಂದು ಹೆಜ್ಜೆ ಹಿಂದೆ ಸರಿದರು. "ಬೇಡ. ನನ್ನ ಕಾಲು ಬೇಡ."

"ಸರಿ, ಯಾರ ಕಾಲೂ ಬೇಡ" ಎಂದು ಸೋಡಾಬುಡ್ಡಿ ಬಗ್ಗಿ, ಕದದ ಕೇಬಲ್ಲನ್ನು ಎರಡೇ ಬೆರಳಿನಿಂದ ಎಳೆಯತೊಡಗಿದರು.

ಮುಳ್ಳು ಅರ್ಧದಿಂದ ಎದ್ದಿತು. ಮುಕ್ಕಾಲು. ಒಂದು. ಒಂದನ್ನು ದಾಟಿ ಕೂದಲೆಳೆಯಷ್ಟು ಹೋಗುತ್ತಿದ್ದಂತೆ ಕಡಿದ ಹಾಗೆ ಸೊನ್ನೆಯ ಕಡೆ ಬಿದ್ದು, ಮತ್ತೆ ಜಿಗಿದು, ಮೊದಲಿನ ಹಾಗೆ ಸಮಾಧಾನವಾಗಿ ನಾಲ್ಕೂವರೆಯವರೆಗೆ ಹೋಯಿತು. ಹಿಂದಕ್ಕೆ ಬಿಟ್ಟರು. ಅದೇ ಜಾಗದಲ್ಲಿ ಮತ್ತೆ ಬಿತ್ತು.

ಯಾರೂ ಪೆಡಲಿನ ಹತ್ತಿರವೂ ಇರಲಿಲ್ಲ. ಸೀಟು ಖಾಲಿಯಿತ್ತು. ಮುಳ್ಳು ತಾನಾಗಿ ಬಿದ್ದಿತ್ತು.

"ಇನ್ನೊಂದು ಸಲ" ಎಂದರು ಮಾವ. ನನಗೆ ತಿಳಿಯದಂತೆ ಅವರು ಮೀಟರಿಗೆ ಮುಖ ತಾಗುವಷ್ಟು ಹತ್ತಿರ ಬಂದಿದ್ದರು. ಸೋಡಾಬುಡ್ಡಿ ಎಳೆದರು. "ಇನ್ನೊಂದು ಸಲ." ಎಳೆದರು. "ಬೇಗ ಎಳೆದ್ರೆ?" ಬೇಗ ಎಳೆದಾಗ ಮುಳ್ಳು ಆ ಜಾಗವನ್ನು ಹಾರಿಕೊಂಡು ಹೋಯಿತು. ಮಾವ ಏಳು ಸಲ ಮಾಡಿಸಿದರು.

ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಹಂಗಾದ್ರೆ ನಾನು ಓಡಿಸಿದಾಗ ಯಾಕೆ ಬರ್ಲಿಲ್ಲ?"

"ನೀನು ಆ ಜಾಗದಲ್ಲಿ ನಿಲ್ಲೋದೇ ಇಲ್ಲ. ಒಂದೇ ಸಲಕ್ಕೆ ತುಳೀತೀಯ, ದಾಟಿ ಹೋಗುತ್ತೆ. ಹುಷಾರಾಗಿ ಒತ್ತೋರಿಗೆ ಮಾತ್ರ ಸಿಗೋ ತಪ್ಪು ಇದು."

"ಭಾವನಿಗೆ ಬರಬೇಡಿ ಅಂತೀನಿ" ಎಂದ. ಆಮೇಲೆ, "ನಾನು ಹಂಗೆ ಹೇಳಬಾರದಿತ್ತು ಕಣೇ" ಎಂದ.

ಸೋಡಾಬುಡ್ಡಿ ಸೈಕಲ್ಲಿನಲ್ಲಿ ಹೋಗಿ ಪಕ್ಕದ ಬೀದಿಯ ಬಿಡಿಭಾಗದ ಅಂಗಡಿಯಿಂದ ಹೊಸ ಸೆನ್ಸರ್ ತಂದರು. ಬ್ಯಾಟರಿಯ ತಂತಿ ಕಳಚಿ, ಹಳೆಯ ತಿರುಪುಗಳಿಗೆ ಎಣ್ಣೆ ಬಿಟ್ಟು ಕಾದರು. ಎರಡನೆಯದು ಹಟ ಹಿಡಿಯಿತು. ಅದನ್ನು "ಬಾರಪ್ಪ, ಬಾ" ಎಂದು ರಮಿಸುತ್ತ ಬಿಚ್ಚಿದರು. ಹೊಸದನ್ನು ಕೂರಿಸಿ, ಬ್ಯಾಟರಿಗೆ ತಂತಿ ಸಿಕ್ಕಿಸಿ, ಕದ ಮುಚ್ಚಿದ್ದಾಗ ಮುಳ್ಳು ಸರಿಯಾಗಿ ಅರ್ಧಕ್ಕೆ ನಿಲ್ಲುವವರೆಗೆ ಡಬ್ಬಿಯನ್ನು ಎಳ್ಳಷ್ಟು ಆಚೆ ಈಚೆ ತಿರುಗಿಸಿ ತಿರುಪು ಬಿಗಿದರು. ಕೇಬಲ್ ಎಳೆದಾಗ ಮುಳ್ಳು ಒಂದನ್ನು ದಾಟಿತು, ಎರಡನ್ನು ದಾಟಿತು, ಎಲ್ಲೂ ಬೀಳಲಿಲ್ಲ.

"ಈಗ ಎಂಜಿನ್ ಹಚ್ಚಿ ಹತ್ತು ನಿಮಿಷ ಬಿಟ್ಟುಬಿಡಿ. ಕಾಲು ತಾಗಿಸಬೇಡಿ. ಮಿದುಳು ಹೊಸಬನ ಪರಿಚಯ ಮಾಡ್ಕೊಳ್ಳಲಿ."

ಆ ಹತ್ತು ನಿಮಿಷದಲ್ಲಿ ಮಾವ ಹಳೆಯ ಡಬ್ಬಿಯನ್ನು ಒಡೆದು ತೋರಿಸಲು ಕೇಳಿದರು. ಬ್ಲೇಡಿನಿಂದ ಮುಚ್ಚಳ ಎಬ್ಬಿಸಿದಾಗ ಒಳಗೆ ಅರ್ಧಚಂದ್ರದಂಥ ಕಪ್ಪು ಪಟ್ಟಿ, ಅದರ ಮೇಲೆ ಓಡಾಡುವ ಒಂದು ಪುಟ್ಟ ಲೋಹದ ನಾಲಿಗೆ. ಪಟ್ಟಿಯೆಲ್ಲ ಮಿರುಗುವ ಕಪ್ಪು. ಒಂದು ಕಡೆ ಮಾತ್ರ ಅಕ್ಕಿಕಾಳಿನಷ್ಟು ಜಾಗ ಸವೆದು ಬೆಳ್ಳಗಾಗಿತ್ತು.

"ಈ ನಾಲಿಗೆ ಅಲ್ಲೇ ಮನೆ ಕಟ್ಟಿಕೊಂಡಿತ್ತು" ಎಂದರು ಸೋಡಾಬುಡ್ಡಿ. "ವರ್ಷಗಟ್ಟಲೆ ಒಂದೇ ಜಾಗದಲ್ಲಿ ಅಲ್ಲಾಡಿ ಅಲ್ಲಾಡಿ ಸವೆಸಿದೆ. ಯಾರೋ ತುಂಬಾ ಶಿಸ್ತಿನವರು ಓಡಿಸಿದ್ದಾರೆ. ಒಂದೇ ಸ್ಪೀಡು, ಏನು?"

"ನಲವತ್ತು" ಎಂದರು ಮಾವ. ಡಬ್ಬಿಯನ್ನು ಬೆಳಕಿಗೆ ಹಿಡಿದು ಆ ಬಿಳಿಯ ಜಾಗವನ್ನು ಉಗುರಿನಿಂದ ಸವರಿದರು. "ಅಂದ್ರೆ ಇದನ್ನ ಕೆರೆದಿದ್ದು ನಾನೇ."

ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ನಂಗೂ ಬರ್ತಿತ್ತು ಮಗಳೇ. ಎರಡು ವರ್ಷದಿಂದ. ನಿಂಗೆ ಕೊಡೋಕೆ ಮುಂಚೆ ವಾರಕ್ಕೊಂದು ಸಲ. ಕಾಲಲ್ಲಿ ಶಕ್ತಿ ಹೋಯ್ತು, ಒತ್ತಿದ್ದು ಒತ್ತಿದ ಹಾಗೆ ನಿಲ್ತಿಲ್ಲ ಅಂದ್ಕೊಂಡೆ. ಅದಕ್ಕೇ ಕೀಲಿ ಕೊಟ್ಟಿದ್ದು. ಅವತ್ತು ನಿಂಗೂ ಹಾಗಾದಾಗ ಅನುಮಾನ ಬಂತು. ತಪ್ಪು ಕಾಲಿಂದಲ್ವೇನೋ ಅಂತ. ಹೇಳೋಕೆ ನಾಚಿಕೆ ಆಯ್ತು."

ಮೂರು ವಾರ ನಾನು ಅನುಭವಿಸಿದ್ದನ್ನು ಅವರು ಎರಡು ವರ್ಷ ಒಬ್ಬರೇ ಹೊತ್ತಿದ್ದರು. ಹೇಳಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು ಎಂಬ ಕೋಪವೂ ಸ್ವಲ್ಪ ಬಂತು. ಕೀಲಿ ಕಾರಿನಲ್ಲೇ ಇತ್ತು, ಎಂಜಿನ್ ಸಣ್ಣಗೆ ಉಸಿರಾಡುತ್ತಿತ್ತು. ಬಾಗಿಲು ತೆರೆದು ಹಿಡಿದೆ. "ಒಂದು ಸುತ್ತು ಹೋಗಿ ಬನ್ನಿ ಮಾವ."

ಅವರು ಬೇಡವೆನ್ನಲಿಲ್ಲ. ಸೀಟು ಹಿಂದೆ ಸರಿಸಿ, ಕನ್ನಡಿ ತಿದ್ದಿ, ಹೊರಟರು. ಕಾರು ಒಂದಿಷ್ಟೂ ಅಳುಕದೆ ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ಬಂತು. ಗಾಜಿನ ಹಿಂದೆ ಅವರ ಮುಖದಲ್ಲಿ ನಗು ಕಂಡಿತು. ನಿಲ್ಲಿಸಬೇಕಾದಲ್ಲಿ ಕಾರು ನಿಲ್ಲಲಿಲ್ಲ. ಇನ್ನೂ ಎರಡು ಮಾರು ಉರುಳಿ, ಜೋಡಿಸಿಟ್ಟಿದ್ದ ಹಳೆಯ ಟೈರುಗಳಿಗೆ ಮೆತ್ತಗೆ ಹೊಡೆದು ನಿಂತಿತು. ಮೇಲಿನ ಟೈರೊಂದು ಬಾನೆಟ್ಟಿನ ಮೇಲೆ ಬಿದ್ದು ಕೆಳಗುರುಳಿತು.

ಮಾವ ಇಳಿದರು. ಕಾಲನ್ನು ಒಮ್ಮೆ ಎತ್ತಿ ಇಳಿಸಿ ನೋಡಿಕೊಂಡರು. "ಇದು ಸೆನ್ಸರ್ ಅಲ್ಲ" ಎಂದರು. "ಬ್ರೇಕಿಗೆ ಹೋಗು ಅಂದೆ. ತಡವಾಗಿ ಹೋಯ್ತು."

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ಅದೂ ನಿಜ, ಇದೂ ನಿಜ. ಅವತ್ತು ಗೊತ್ತಿಲ್ಲದೆ ಕೀಲಿ ಕೊಟ್ಟಿದ್ದೆ, ಈಗ ಗೊತ್ತಾಗಿ ಕೊಡ್ತಿದ್ದೀನಿ." ಆಮೇಲೆ ಸೋಡಾಬುಡ್ಡಿಯ ಕಡೆ ತಿರುಗಿ, ನಿಜವಾದ ಆಸಕ್ತಿಯಿಂದ ಕೇಳಿದರು: "ಒಂದು ಪೆಡಲಿಂದ ಇನ್ನೊಂದಕ್ಕೆ ಕಾಲು ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋದಕ್ಕೆ ಏನಾದ್ರೂ ಇದೆಯೇನ್ರೀ?"

"ಇದೆಯಲ್ಲ ಯಜಮಾನ್ರೇ" ಎಂದು ಸೋಡಾಬುಡ್ಡಿ ಬಿದ್ದ ಟೈರನ್ನು ಎತ್ತಿ ಜೋಡಿಸಿದರು. "ಈಗ ತಾನೇ ಅಳೆದ್ರಿ. ಎರಡು ಮಾರು."

ಮಾವ ನಕ್ಕರು. ಸುತ್ತು ಬಳಸಿ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ನಾನು ಸೀಟನ್ನು ನನ್ನ ಅಳತೆಗೆ ಮುಂದೆ ಎಳೆದುಕೊಂಡು, ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಮೆಲ್ಲಗೆ ಒತ್ತಿದೆ. ಅವರು ತಲೆ ಬಗ್ಗಿಸಿ ನನ್ನ ಪಾದವನ್ನೇ ನೋಡುತ್ತಿದ್ದರು. ಮರೆಮಾಚದೆ, ತುಂಬ ಹತ್ತಿರದಿಂದ.

"ಇನ್ನೂ ಸ್ವಲ್ಪ ಒತ್ತು ನೋಡೋಣ" ಎಂದರು.

ಒತ್ತಿದೆ.