ಊರ ಕೊಟ್ಟಿಗೆಯ ಎರಡು ಬಕೆಟ್

ಚಳಿಗಾಲ ಬಂತೆಂದರೆ ನಮ್ಮ ಬೀದಿಯವರಿಗೆಲ್ಲ ಒಂದೇ ಚಿಂತೆ. ಮನೆಗೆ ಗಾಡಿ ಹತ್ತುವ ದಾರಿಯ ಮೇಲೆ ಮಂಜುಗಡ್ಡೆ ಕೂತುಬಿಡುತ್ತದೆ. ಅದಕ್ಕೆ ಹಾಕುವ ಉಪ್ಪು ಕೈಗೆಟುಕುವ ಬೆಲೆಗೆ ಎಲ್ಲಿ ಸಿಗುತ್ತದೆ? ನಾನು ಬರ್ನಡೆಟ್, ಅಮೆರಿಕದ ಈ ಮೇನ್ ಸೀಮೆಯ ಚಳಿಯಲ್ಲೇ ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು. ಜಾರುವ ದಾರಿಯ ವಿಷಯದಲ್ಲಿ ನನ್ನೆದುರು ಯಾರೂ ಜಂಬ ಕೊಚ್ಚುವುದು ಬೇಡ.

ಪಕ್ಕದ ಮನೆಯ ರೊಸೇರ್ ಮಾತ್ರ ಕೊಚ್ಚುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ಹೋದ ಜನವರಿಯಲ್ಲಿ, ಬಿದ್ದಲ್ಲೇ ಹೆಪ್ಪುಗಟ್ಟುವ ಮಂಜುಮಳೆ ಸುರಿದ ಮರುದಿನ, ಅವನ ಮನೆ ಬೆಚ್ಚಗಿಡುವ ಒಲೆಗೆ ಎಣ್ಣೆ ತುಂಬುವ ಲಾರಿ ಬಂತು. ಡ್ರೈವರ್ ಕೆಳಗೇ ನಿಲ್ಲಿಸಿ ಕೂಗಿದ.

“ಈ ಗಾಜಿನ ಮೇಲೆ ಲಾರಿ ಹತ್ತಿಸೋಕೆ ನಂಗೇನು ತಲೆ ಕೆಟ್ಟಿದೆಯಾ? ಮಧ್ಯಾಹ್ನ ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟರಲ್ಲಿ ಸರಿಮಾಡಿಡು. ಇಲ್ಲಾಂದ್ರೆ ಮುಂದಿನ ವಾರಾನೇ!”

ಟ್ಯಾಂಕಿನಲ್ಲಿ ಉಳಿದ ಎಣ್ಣೆ ರಾತ್ರಿಯವರೆಗೂ ಸಾಲುವಂತಿರಲಿಲ್ಲ. ಒಳಗೆ ರೊಸೇರನ ತಾಯಿ ಇದ್ದಾರೆ, ತೊಂಬತ್ತು ದಾಟಿದ ಜೀವ. ಬೀದಿಗೆಲ್ಲ ಅವರು ಅಜ್ಜಿಯೇ, ‘ಮೆಮೇರ್’ ಅಂತಲೇ ಎಲ್ಲರೂ ಕರೆಯುವುದು. ಒಲೆ ಆರಿದರೆ ಆ ಮುದಿ ಎದೆ ತಡೆಯುತ್ತದೆಯೇ? ನಾನು ಕೋಟು ಹಾಕಿಕೊಂಡು ಬೇಲಿಯ ಬಳಿ ಬಂದೆ.

ರೊಸೇರ್ ಅಂಗಡಿಗೆ ಓಡಿದ. ಮಂಜುಮಳೆಯ ಮರುದಿನ ಉಪ್ಪು ಎಲ್ಲಿ ಸಿಗುತ್ತದೆ? ಪೆಟ್ರೋಲ್ ಬಂಕಿನಲ್ಲಿ ಉಳಿದಿದ್ದು ಉಪ್ಪಿನ ಒಂದೇ ಒಂದು ಪುಟ್ಟ ಬಣ್ಣದ ಡಬ್ಬಿ. ಬೆಲೆ ಕೇಳಿ ಬೈದುಕೊಂಡು ಬರಿಗೈಯಲ್ಲಿ ಬಂದ. ಅಡುಗೆಮನೆಯ ಉಪ್ಪೆಲ್ಲ ಎರಚಿದ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೊನೆಗೆ ದೊಡ್ಡ ಪಾತ್ರೆಯಲ್ಲಿ ಕುದಿನೀರು ತಂದು ಸುರಿದ! ಆ ಚಳಿಗೆ ನೀರು ನೋಡನೋಡುತ್ತಲೇ ಹೆಪ್ಪುಗಟ್ಟಿ ದಾರಿ ಇನ್ನಷ್ಟು ನುಣ್ಣಗಾಯಿತು. ಅದರ ಮೇಲೆ ಕಾಲಿಟ್ಟವನು ಪಾತ್ರೆಯ ಸಮೇತ ಜಾರಿ ನನ್ನ ಬೇಲಿಗೆ ಬಂದು ನಿಂತ.

“ಪೆಟ್ಟಾಯ್ತೇನೋ?” ಅಂದೆ.

“ಇಲ್ಲ. ಬೇಕೂಂತಲೇ ಕೂತೆ.”

“ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನು! ಅಲ್ಲ ಕಣೋ, ಊರಿನ ಮರಳು ಕೊಟ್ಟಿಗೆ ಇರೋದು ಯಾಕೆ? ಉಪ್ಪು ಬೆರೆಸಿದ ಮರಳು, ಮನೆಗೆ ಎರಡು ಬಕೆಟ್. ಪುಕ್ಕಟೆ. ಸಲಿಕೆ ತಗೊಂಡು ನಡಿ.”

ರೊಸೇರನ ಮುಖ ಕೆಂಪಾಯಿತು. “ಬಿಟ್ಟಿ ಮರಳಾ? ನಮ್ಮಪ್ಪ ಗಿರಣೀಲಿ ಬೆವರು ಸುರಿಸಿದೋನು. ಯಾರ ಹತ್ರಾನೂ ಕೈ ಚಾಚಲಿಲ್ಲ. ನಾನು ಬಕೆಟ್ ಹಿಡ್ಕೊಂಡು ಊರ ಮುಂದೆ ಭಿಕ್ಷೆಗೆ ಹೋಗ್ಲಾ?”

“ಭಿಕ್ಷೆ ಅಲ್ವೋ ಮಾರಾಯ, ಅದು ನೀನೇ ಕಟ್ಟಿದ ಕಂದಾಯ! ಊರ ರಸ್ತೇಲಿ ಕಾರು ಓಡಿಸ್ತೀಯಲ್ಲ, ಅದೂ ಭಿಕ್ಷೆನಾ?”

“ರಸ್ತೆ ಬೇರೆ, ಬಕೆಟ್ ಬೇರೆ.”

ಅಷ್ಟರಲ್ಲಿ ಕಿಟಕಿ ಕಿರ್ರೆಂದಿತು. ಎರಡು ಟೋಪಿ, ಮೂರು ಶಾಲು, ನಡುವೆ ಮೆಮೇರ್ ಅವರ ಮೂಗು.

“ಏ ರೊಸೇರ್! ನಿಮ್ಮಪ್ಪ ಪ್ರತಿ ಚಳಿಗಾಲ ಅಲ್ಲಿಂದಾನೇ ತರ್ತಿದ್ರು ಕಣೋ. ನೀನು ಏಳೋ ಹೊತ್ತಿಗೆ ಹರಡಿ ಆಗಿರ್ತಿತ್ತು. ದಾರಿ ತಾನಾಗೇ ಒಣಗ್ತಿತ್ತು ಅಂದ್ಕೊಂಡ್ಯಾ, ಸೋಮಾರಿ?”

ನನಗೆ ನಗು ತಡೆಯಲಾಗಲಿಲ್ಲ. ರೊಸೇರ್ ಕಿಟಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ತೆಪ್ಪಗೆ ಎರಡು ಬಕೆಟ್ ಎತ್ತಿಕೊಂಡು ನನ್ನ ಕಾರಿಗೆ ಹತ್ತಿದ.

ಕೊಟ್ಟಿಗೆಯಲ್ಲಿ ಅರ್ಧ ಊರೇ ಇತ್ತು. ಪಾದ್ರಿಗಳೂ ಸಲಿಕೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅವರನ್ನು ಕಂಡ ಮೇಲೆ ರೊಸೇರನ ಬೆನ್ನು ನೆಟ್ಟಗಾಯಿತು.

ಮನೆಗೆ ಬಂದು ಮೊದಲು ಗಡ್ಡೆಯನ್ನು ಸಲಿಕೆಯಿಂದ ಒಡೆದು ಬದಿಗೆ ತಳ್ಳಿದೆವು. ಉಳಿದ ಪದರದ ಮೇಲೆ ಮರಳು ಎರಚಿದೆವು.

“ಬರೀ ಉಪ್ಪೇ ಇದ್ದಿದ್ರೆ ಬೇಗ ಕರಗ್ತಿತ್ತು ಅಲ್ವಾ?” ಅಂದ.

“ಇಷ್ಟು ಕೊರೆಯೋ ಚಳೀಲಿ ಕಲ್ಲುಪ್ಪು ಕೆಲಸ ಮಾಡಲ್ಲ. ಇವತ್ತು ಮರಳೇ ಹಿಡಿತ ಕೊಡೋದು. ಚಳಿ ಕಮ್ಮಿ ಆದಾಗ ಉಪ್ಪು ಹಾಕು, ಅದೂ ಒಂದು ಕಾಫಿ ಮಗ್ ಸಾಕು. ಸುರಿದುಬಿಟ್ರೆ ಅದು ನಿನ್ನ ಬಾವಿಗೇ ಇಳಿಯುತ್ತೆ, ಆಮೇಲೆ ಕಾಫೀನೂ ಉಪ್ಪುಪ್ಪು!”

ಮಧ್ಯಾಹ್ನ ಲಾರಿ ಬಂತು. ಡ್ರೈವರ್ ಇಳಿದು ಬೂಟಿನಿಂದ ದಾರಿಯನ್ನು ಒತ್ತಿ ನೋಡಿದ, ತಲೆಯಾಡಿಸಿದ, ಲಾರಿಯನ್ನು ಹಿಂದುಹಿಂದಕ್ಕೆ ಓಡಿಸಿ ಮೇಲೇರಿಸಿದ. ಟ್ಯಾಂಕು ತುಂಬಿತು. ಮೆಮೇರ್ ಒಂದು ಶಾಲು ತೆಗೆದು ಕುರ್ಚಿಗೆ ಹಾಕಿ, “ಈಗ ಬೀನ್ಸ್ ಬೇಯಿಸ್ರೋ, ಹಸಿವಾಗ್ತಿದೆ” ಅಂದರು. ಅದನ್ನು ಕೇಳಿ ನನಗೆ ಜೀವ ಬಂದಂತಾಯಿತು.

ಈ ಸಲ ಎಲೆ ಉದುರುವ ಕಾಲದಲ್ಲೇ ರೊಸೇರ್ ನನ್ನ ಬಾಗಿಲು ತಟ್ಟಿದ. ದನದ ಮೇವಿನ ಅಂಗಡಿಯಲ್ಲಿ ದೊಡ್ಡ ಚೀಲದ ಉಪ್ಪು ಅಗ್ಗವಂತೆ, ಮೂರು ಮನೆ ಸೇರಿ ಹಂಚಿಕೊಳ್ಳೋಣವಂತೆ. ಈ ಬುದ್ಧಿ ಅವನಿಗೇ ಹೊಳೆದದ್ದಂತೆ! ಹೌದಪ್ಪ ಹೌದು ಅಂದೆ.

ನೀವೂ ಅಷ್ಟೇ, ಹಿಮ ಬೀಳುವ ಮುಂಚೆಯೇ ಉಪ್ಪು ಕೊಂಡು ಮುಚ್ಚಳದ ಡಬ್ಬಿಯಲ್ಲಿಡಿ. ನಿಮ್ಮೂರಿನಲ್ಲಿ ಮರಳು ಕೊಟ್ಟಿಗೆ ಇದೆಯೇ, ಎಷ್ಟು ಬಕೆಟ್ ಕೊಡುತ್ತಾರೆ ಎಂದು ಇಂದೇ ಟೌನ್ ಕಚೇರಿಗೆ ಫೋನ್ ಮಾಡಿ ಕೇಳಿ. ನಾಚಿಕೆ ಬೇಡ, ಅದು ನಿಮ್ಮದೇ ಮರಳು. ನಮ್ಮ ಬೀದಿಯಲ್ಲಿ ದಾರಿ ಹತ್ತಲಾಗದೆ ಹೋದದ್ದು ಎಣ್ಣೆ ಲಾರಿ, ಅದು ಮಧ್ಯಾಹ್ನ ಮತ್ತೆ ಬಂತು. ನಿಮ್ಮ ದಾರಿ ಹತ್ತಲಾಗದೆ ಕೆಳಗೆ ನಿಲ್ಲುವುದು ಆಂಬುಲೆನ್ಸ್ ಆಗಿದ್ದರೆ?